ಎಡಗೈಯಲ್ಲಿ ಕತ್ತಿ, ಬಲಗೈಯಲ್ಲಿ ಮಂತ್ರ

ಅತ್ತೆ,

ನೀವು ಯಾವ ಕಾದಂಬರಿ ಕೈಗೆ ಬಂದರೂ ಮೊದಲು ಕೊನೆಯ ಪುಟ ತೆಗೆಯುವವರು. ಈ ಕಾಗದದಲ್ಲಿ ಮಾತ್ರ ಹಾಗೆ ಮಾಡಬೇಡಿ. ಸೇತುವೆಯ ಮೇಲೆ ನಿಂತಿದ್ದ ನಿಮ್ಮ ಗಂಗವ್ವನಿಗೆ ಏನಾಯಿತು ಎಂದು ಕೊನೆಯಲ್ಲೇ ಹೇಳುತ್ತೇನೆ. ಐದು ತಿಂಗಳು ನಾವೆಲ್ಲ ಕಾದಿದ್ದೇವೆ, ನೀವು ನಾಲ್ಕು ಪುಟ ಕಾಯಲಾರಿರಾ?

ಮೊದಲನೆಯ ಭಾನುವಾರ ನೆನಪಿದೆಯೇ? ವಾಕಡದ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ನಕ್ಷೆ ಹರಡಿ ಕೂತಿದ್ದೆವು. ಮೂರು ಜನ ಆಡಬೇಕಿತ್ತು, ಒಬ್ಬಳು ಕೈಕೊಟ್ಟಿದ್ದಳು. ಉಳಿದವರು ಕೆಳಗಿನ ಮಹಡಿಯ ಸ್ವಾತಿ ಮತ್ತು ದೇಹೂ ರೋಡಿನಿಂದ ಬೈಕಿನಲ್ಲಿ ಬರುವ ನಿಖಿಲ್. ನೀವು ಪಕ್ಕದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಿರಿ. ಆಟ ನಿಂತೇಹೋಗುತ್ತದೆ ಎಂದು ನಾನು ಗೊಣಗಿದಾಗ ಸೊಪ್ಪಿನ ಪುಟ್ಟಿ ಕೆಳಗಿಟ್ಟು, "ನಾ ಕೂಡ್ತೇನಿ. ಏನ್ ಮಾಡಬೇಕ ಹೇಳವಾ" ಎಂದಿರಿ. ನಾನು ಹೇಳಿದೆ: ಊರು, ಕಾಡು, ರಾಕ್ಷಸರು, ಇವೆಲ್ಲ ಆಟ ನಡೆಸುವ ನನ್ನ ಪಾಲು. ನಿಮ್ಮ ಪಾತ್ರ ಏನು ಮಾಡುತ್ತದೆ ಎಂಬುದು ನಿಮ್ಮ ಪಾಲು, ಅದನ್ನು ಬೇರೆ ಯಾರೂ ಹೇಳುವ ಹಾಗಿಲ್ಲ. ಮಾಡಿದ್ದು ಫಲಿಸಿತೋ ಇಲ್ಲವೋ ಎಂದು ಈ ಇಪ್ಪತ್ತು ಮುಖದ ದಾಳ ಹೇಳುತ್ತದೆ, ಹೆಚ್ಚು ಬಿದ್ದಷ್ಟೂ ಒಳ್ಳೆಯದು. ನೀವು ದಾಳವನ್ನು ಕಣ್ಣಿಗೆ ಒತ್ತಿಕೊಂಡಿರಿ. ಸ್ವಾತಿ ನಕ್ಕಳು. ಆಮೇಲೆ ಅವಳೂ ಹಾಗೇ ಮಾಡತೊಡಗಿದಳು, ಅದು ಬೇರೆ ಮಾತು.

"ಕತ್ತಿ ಬೇಕೋ ಮಂತ್ರ ಬೇಕೋ?" ಎಂದು ಕೇಳಿದ್ದೆ. ಎಲ್ಲರೂ ಒಂದನ್ನು ಆರಿಸಿಕೊಳ್ಳುತ್ತಾರೆ. ಕತ್ತಿಯವರು ಮುಂದೆ ನಿಂತು ಹೊಡೆದಾಡುತ್ತಾರೆ, ಮಂತ್ರದವರು ಹಿಂದೆ ನಿಂತು ಕೈಯಾಡಿಸುತ್ತಾರೆ.

"ಎರಡೂ ಬೇಕು."

"ಎರಡೂ ಅಂದ್ರೆ ಎರಡೂ ಅರ್ಧರ್ಧ ಆಗುತ್ತೆ ಅತ್ತೆ. ಕವಚ ತೆಳು, ಮಂತ್ರ ಕಡಿಮೆ."

"ಅರ್ಧ ಯಾಕ? ಚಹಾದಾಗ ಹಾಲು ಅರ್ಧ, ಸಕ್ರಿ ಅರ್ಧ ಅಂತೀ ಏನ? ಎರಡೂ ಪೂರಾ ಇರತಾವ. ಬರಕೋ, ಹೆಸರು ಗಂಗವ್ವ."

ಸ್ವಾತಿಯ ಬಿಲ್ಲುಗಾತಿಗೂ ನಿಖಿಲನ ಕಳ್ಳನಿಗೂ ನಾಲಿಗೆ ತಿರುಚುವ ಹೆಸರುಗಳಿದ್ದವು. ಅವರಿಬ್ಬರ ನಡುವೆ ಗಂಗವ್ವ ಬಂದು ನಿಂತಳು. ನಾನು ಅಚ್ಚು ಹಾಕಿಸಿದ್ದ ಇಂಗ್ಲಿಷ್ ಹಾಳೆ ನಿಮಗೆ ಹಿಡಿಸಲಿಲ್ಲ. ಗೋಡೆಯ ಕ್ಯಾಲೆಂಡರಿನ ಹಳೆಯ ತಿಂಗಳು ಹರಿದು, ಅದರ ಹಿಂದೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಎಲ್ಲ ಬರೆದುಕೊಂಡಿರಿ.

ಅವತ್ತೇ ಕೈಯ ಜಗಳವೂ ಆಯಿತು. ಮಂತ್ರ ಹಾಕಲು ಒಂದು ಕೈ ಖಾಲಿ ಇರಬೇಕು, ಯಾವ ಕೈ ಎಂದು ನಿಯಮದ ಪುಸ್ತಕ ಕೇಳುವುದಿಲ್ಲ. ಕತ್ತಿ ಬಲಗೈಯಲ್ಲಿ ಎಂದು ನಾನೇ ಬರೆದುಕೊಳ್ಳುತ್ತಿದ್ದೆ. ನೀವು ತಡೆದಿರಿ. "ಕತ್ತಿ ಎಡಗೈಯಾಗ ಬರಿ. ಮಂತ್ರಾಕ್ಷತಿ ಯಾರರೆ ಎಡಗೈಲೆ ಹಾಕತಾರೇನು?" ನೀವು ಎಡಚರಲ್ಲ, ಗಂಗವ್ವನೂ ಎಡಚಳಲ್ಲ. ನಿಖಿಲ್ ಮರಾಠಿಯಲ್ಲಿ ಬೇಡಿಕೊಂಡ, "ಕಾಕೂ, ಡಾವ್ಯಾ ಹಾತಾನೆ ನೇಮ ಚುಕತೋ." ಎಡಗೈಯಲ್ಲಿ ಗುರಿ ತಪ್ಪುತ್ತದೆ ಎಂದು. ನೀವು ಸೊಪ್ಪಿನ ದಂಟು ಮುರಿಯುತ್ತಾ, "ಚುಕೂ ದೇ" ಎಂದಿರಿ, ತಪ್ಪಲಿ ಬಿಡು ಎಂದು. ನನಗೆ ರೇಗಿತು. ಹಾಗಾದರೆ ಗಂಗವ್ವ ಕತ್ತಿ ಬೀಸಿದಾಗಲೆಲ್ಲ ದಾಳದಲ್ಲಿ ಎರಡು ಕಳೆಯುತ್ತೇನೆ ಎಂದೆ. ಒಂದೆರಡು ಪೆಟ್ಟು ತಪ್ಪಿದರೆ ಕೈ ಬದಲಿಸುತ್ತೀರಿ ಎಂದುಕೊಂಡಿದ್ದೆ. ಒಂದು ವರ್ಷದ ಮೇಲಾಯಿತು, ಎಷ್ಟೊಂದು ಪೆಟ್ಟು ಆ ಎರಡರಿಂದಲೇ ತಪ್ಪಿದವು, ನೀವು ಒಂದು ಸಲವೂ ಚೌಕಾಸಿ ಮಾಡಲಿಲ್ಲ. ತರಕಾರಿ ಮಂಡಯಿಯಲ್ಲಿ ಒಂದು ಕಟ್ಟು ಕೊತ್ತಂಬರಿಗೆ ಹತ್ತು ನಿಮಿಷ ಜಗಳವಾಡುವ ನೀವು!

ಗಂಗವ್ವ ಮೊದಲ ಸಲ ಕತ್ತಿಗೆ ಬೆಂಕಿಯ ಮಂತ್ರ ಹಾಕಿದ ದಿನ ನಾವೆಲ್ಲ ಬೈದೆವು. ತೋಳ ಎದುರಿಗಿದೆ, ಹೊಡೆಯುವುದು ಬಿಟ್ಟು ಒಂದು ಸರದಿ ಮಂತ್ರಕ್ಕೆ ಕಳೆದುಬಿಟ್ಟಿರಿ. "ತಡೀರಿ, ಎಣ್ಣಿ ಕಾಯದ ಸಾಸವಿ ಹಾಕಬಾರದು" ಎಂದು ನೀವು ಆರಾಮಾಗಿ ಕೂತಿರಿ. ಮುಂದಿನ ಸರದಿಯಲ್ಲಿ ಏಟು ಬಿತ್ತು ನೋಡಿ, ಕತ್ತಿಯ ಏಟು ಬೇರೆ, ಬೆಂಕಿಯ ಏಟು ಬೇರೆ, ಎರಡೂ ಒಟ್ಟಿಗೆ. ತೋಳ ಅಲ್ಲೇ ಮಲಗಿತು. ನಿಖಿಲ್ ಕುರ್ಚಿಯ ಮೇಲೆ ಹತ್ತಿ ಕೂಗಿದ್ದಕ್ಕೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿದರು. ಕಾಲೇಜಿನಿಂದ ಈ ಆಟ ಆಡುತ್ತಾ ಬಂದ ನನಗೆ ಆ ಉಪಾಯ ಪುಸ್ತಕದಲ್ಲಿ ಓದಿ ಗೊತ್ತಿತ್ತು. ನಿಮಗೆ ಒಗ್ಗರಣೆಯಿಂದ ಗೊತ್ತಿತ್ತು.

ಬೆಳಗಿನ ನಿಮ್ಮ ಅಡುಗೆಮನೆ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಯಲ್ಲಿ ದೇವರ ಸಾವಿರ ಹೆಸರು, ಕೈಯಲ್ಲಿ ರೊಟ್ಟಿ. ನಡುವೆ ಹಾಲಿನವನು ಬಂದರೆ "ಉದ್ಯಾ ಅರ್ಧಾ ಲೀಟರ ಜಾಸ್ತ" ಎಂದು ನಾಳೆಗೆ ಅರ್ಧ ಲೀಟರ್ ಹೆಚ್ಚಿಗೆ ಹೇಳಿ, ಬಿಟ್ಟ ಹೆಸರಿನಿಂದಲೇ ಮುಂದುವರಿಯುತ್ತಿದ್ದಿರಿ. ನಿಮ್ಮ ಮಗ ಕಾಲುಚೀಲ ಎಲ್ಲಿ ಎಂದು ಕೂಗುತ್ತಿದ್ದರು, ಕುಕ್ಕರ್ ಕೂಗುತ್ತಿತ್ತು, ನಾನು ಲ್ಯಾಪ್‌ಟಾಪಿನ ಚಾರ್ಜರ್ ಹುಡುಕುತ್ತಾ ಅಡ್ಡಾಡುತ್ತಿದ್ದೆ. ಹೇಳಲು ನಾಚಿಕೆ, ಒಂದು ದಿನ ಪುಸ್ತಕ ಹಿಡಿದು ಬಾಗಿಲ ಹಿಂದೆ ನಿಂತು ನಿಮ್ಮನ್ನು ಪರೀಕ್ಷಿಸಿದ್ದೆ. ಒಂದು ಹೆಸರೂ ತಪ್ಪಿರಲಿಲ್ಲ. ಆಟದಲ್ಲಿ ಮಂತ್ರ ಹಿಡಿದವರಿಗೆ ಏಟು ಬಿದ್ದರೆ, ಮನಸ್ಸು ಚೆದುರಿತೋ ಇಲ್ಲವೋ ಎಂದು ದಾಳ ಉರುಳಿಸಬೇಕು. ಅವತ್ತಿನಿಂದ ಆ ದಾಳಕ್ಕೆ ಗಂಗವ್ವನಿಗೆ ಮೂರು ಹೆಚ್ಚು ಕೊಟ್ಟೆ. ಸ್ವಾತಿ ಪಕ್ಷಪಾತ ಎಂದಳು. ಹೌದು, ಪಕ್ಷಪಾತವೇ.

ಇನ್ನೊಂದು ಹೇಳಬೇಕಿತ್ತು, ಎದುರಿಗಿದ್ದಾಗ ಬಾಯಿ ಬರಲಿಲ್ಲ. ತುಮಕೂರಿನಿಂದ ಬಂದ ಹೊಸದರಲ್ಲಿ ನಾನು ಎಲ್ಲದರಲ್ಲೂ ಅರ್ಧ ಎನ್ನಿಸುತ್ತಿತ್ತು. ಆಫೀಸಿನಲ್ಲಿ ಅರ್ಧ, ಮನೆಯಲ್ಲಿ ಅರ್ಧ, ನಿಮ್ಮ "ಅದ"ಕ್ಕೂ ನನ್ನ "ಇದೆ"ಗೂ ನಡುವೆ ಇನ್ನರ್ಧ. ನೀವು ಗಂಗವ್ವನನ್ನು ಆಡುವುದು ನೋಡುತ್ತಾ ನೋಡುತ್ತಾ ಆ ಅರ್ಧದ ಕೊರಗು ಯಾವಾಗ ಹೋಯಿತೋ ತಿಳಿಯಲಿಲ್ಲ. ನಿಮ್ಮನ್ನು ನಾನು ಎಷ್ಟು ಮೆಚ್ಚಿಕೊಂಡಿದ್ದೆ ಎಂದು ಒಂದು ಸಲವಾದರೂ ಹೇಳಬಹುದಿತ್ತು. ರೊಟ್ಟಿ ಚೆನ್ನಾಗಿದೆ ಎಂದು ಹೇಳುತ್ತಿದ್ದೆ, ಅಷ್ಟೇ.

ಕೊನೆಯ ಭಾನುವಾರಕ್ಕೆ ಬರುತ್ತೇನೆ. ಹಗ್ಗದ ಸೇತುವೆ, ಕೆಳಗೆ ಪ್ರಪಾತ. ಸ್ವಾತಿಯ ಬಿಲ್ಲುಗಾತಿ ಗಾಯಗೊಂಡಿದ್ದಾಳೆ, ನಿಖಿಲನ ಕಳ್ಳ ಅವಳನ್ನು ಹೊತ್ತುಕೊಂಡು ನಡುಸೇತುವೆಯಲ್ಲಿದ್ದಾನೆ. ಸೇತುವೆ ಬೀಳದ ಹಾಗೆ ಗಂಗವ್ವ ಬಲಗೈ ಎತ್ತಿ ಮಂತ್ರದಿಂದ ಹಿಡಿದಿದ್ದಾಳೆ. ಅವಳ ಎದುರಿಗೇ ರಾಕ್ಷಸ. ಈ ಸರದಿಯಲ್ಲಿ ಅವನು ಬೀಳದಿದ್ದರೆ ಹಗ್ಗ ಕತ್ತರಿಸುತ್ತಾನೆ ಎಂದು ನಾನು ಹೇಳಿಬಿಟ್ಟಿದ್ದೆ. ಅವನು ಬೀಳಲು ಹದಿನೈದು ಬೇಕಿತ್ತು. ಎಡಗೈಯಲ್ಲಾದರೆ ಎರಡು ಕಳೆಯಬೇಕು. ಸ್ವಾತಿ ಕೈಮುಗಿದಳು, "ಕಾಕೂ, ಈ ಒಂದ್ಸಲ ಕೈ ಬದಲಿಸಿ." ನೀವು ನಕ್ಷೆಯನ್ನೇ ನೋಡುತ್ತಾ ಕೂತಿರಿ. ಆಮೇಲೆ ಗಡಿಯಾರವನ್ನೂ ಸೋಫಾದಲ್ಲಿ ಪೇಪರ್ ಓದುತ್ತಿದ್ದ ಮಾವನನ್ನೂ ನೋಡಿ, "ಐದಾತು, ಇವರಿಗೆ ಚಹಾ ಆಗಬೇಕು. ಗಂಗವ್ವ ಏನ್ ಮಾಡತಾಳ ಅಂತ ಮುಂದಿನ ಐತವಾರ ಹೇಳತೇನಿ. ವಿಚಾರ ಮಾಡಬೇಕು" ಎಂದು ಎದ್ದಿರಿ. ಕ್ಯಾಲೆಂಡರಿನ ಹಾಳೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಿರಿ. ಬುಧವಾರ ಬೆಳಗ್ಗೆ ನಿಮ್ಮ ಹೃದಯ ನಿಂತಿತು. ರೊಟ್ಟಿಯ ಹಿಟ್ಟು ನಾದಿಟ್ಟಿದ್ದಿರಿ, ಇನ್ನೂ...

ಆಮೇಲೆ ಆ ನಕ್ಷೆಯನ್ನು ನಾನು ಸುತ್ತಿಡಲೂ ಇಲ್ಲ, ಹರಡಲೂ ಇಲ್ಲ. ಬೀರುವಿನ ಮೇಲೆ ಹಾಗೇ ಇತ್ತು. ಗಂಗವ್ವ ಎಲ್ಲರನ್ನೂ ದಾಟಿಸಿ ವೀರಮರಣ ಹೊಂದಲಿ, ಅದೇ ಗೌರವ ಎಂದ ನಿಖಿಲ್. ಬೇಡ, ಬದುಕಿಸಿ ಯಾವುದಾದರೂ ಊರಿನಲ್ಲಿ ನೆಲೆ ನಿಲ್ಲಿಸು ಎಂದಳು ಸ್ವಾತಿ. ಎರಡೂ ನನ್ನಿಂದಾಗಲಿಲ್ಲ. ರಾಕ್ಷಸ ಏನು ಮಾಡುತ್ತಾನೆ ಎಂದು ನಾನು ಹೇಳಬಲ್ಲೆ. ಗಂಗವ್ವ ಏನು ಮಾಡುತ್ತಾಳೆ ಎಂದು ಹೇಳಲು ನಾನು ಯಾರು? ಮೊದಲ ದಿನ ನಿಮಗೆ ನಾನೇ ಹೇಳಿಕೊಟ್ಟ ನಿಯಮ ಅದು.

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಮಾವ ನನ್ನ ಹತ್ತಿರ ಬಂದರು. ನಮ್ಮ ಆಟ ನಡೆಯುವಾಗ ಸೋಫಾದಲ್ಲಿ ಪೇಪರ್ ಅಡ್ಡ ಹಿಡಿದು ಕೂರುತ್ತಿದ್ದ ಅದೇ ಮಾವ, ಒಂದು ದಿನವೂ ಮೇಜಿನ ಹತ್ತಿರ ಬಾರದವರು. ಕೈಯಲ್ಲಿ ಮಡಿಸಿದ ಕ್ಯಾಲೆಂಡರ್ ಹಾಳೆ.

"ವಿದ್ಯಾ, ದೇವರ ಪೆಟಗಿಯಾಗ ಸಿಕ್ಕತು. ನಿಮ್ಮ ಆಟದ್ದ ಅದ ಏನ ನೋಡವಾ."

ಬಿಚ್ಚಿದೆ. ಗಂಗವ್ವನ ಹೆಸರಿನ ಕೆಳಗೆ, ಎಲ್ಲಕ್ಕಿಂತ ಕೊನೆಯಲ್ಲಿ, ಹೊಸದಾಗಿ ಕೆತ್ತಿದ ಪೆನ್ಸಿಲಿನ ಎರಡು ಸಾಲು. "ಬಲಗೈ ಕತ್ತಿ. ಎಡಗೈ ಮಂತ್ರ. ಈ ಒಮ್ಮೆ ಮಾತ್ರ. ಹುಡುಗರು ದಾಟಬೇಕು."

"ಮಂಗಳವಾರ ನನ್ನ ಕೇಳಿದ್ಲವಾ" ಎಂದರು ಮಾವ. "ಮಂತ್ರ ಎಡಗೈಲೆ ಹಿಡದ್ರ ತಪ್ಪಾಗತದೇನ್ರಿ ಅಂತ. ನಾ ಪೇಪರ್ ಓದಕೋತ, ಏನೂ ಆಗಂಗಿಲ್ಲ ಹಿಡಿ ಅಂದೆ. ಎದಕ್ಕ ಕೇಳಾಕತ್ತಾಳ ಅಂತ ಸೈತ ಕೇಳಲಿಲ್ಲ." ಅಷ್ಟು ಹೇಳಿ ಕನ್ನಡಕ ಒರೆಸಿಕೊಂಡರು. ನನಗೂ ಅಳು ಬಂತು. ಆಮೇಲೆ ಸ್ವಾತಿಗೂ ನಿಖಿಲನಿಗೂ ಫೋನು ಮಾಡಿದೆ.

ಅರ್ಧ ಗಂಟೆಯಲ್ಲಿ ಸ್ವಾತಿ ಬಂದಳು, ನಿಖಿಲ್ ಹೆಲ್ಮೆಟ್ ತೆಗೆಯುವುದನ್ನೇ ಮರೆತು ಒಳಗೆ ಬಂದ. ನಕ್ಷೆ ಹರಡಿದೆ. ನಿಮ್ಮ ಕುರ್ಚಿಯಲ್ಲಿ ಯಾರು ಕೂರುವುದು ಎಂದು ಯಾರೂ ಕೇಳಲಿಲ್ಲ, ಮಾವ ಕೂತರು. ನೀವು ಬರೆದಿದ್ದನ್ನು ನಾನು ಗಟ್ಟಿಯಾಗಿ ಓದಿದೆ. ಮಾವ ದಾಳ ತೆಗೆದುಕೊಂಡರು, ಕಣ್ಣಿಗೆ ಒತ್ತಿಕೊಂಡರು. ಪೇಪರಿನ ಹಿಂದಿನಿಂದ ಎಲ್ಲ ನೋಡುತ್ತಿದ್ದರು ಅತ್ತೆ, ಎಲ್ಲ! ದಾಳ ಉರುಳಿ ಉಪ್ಪಿನಕಾಯಿ ಭರಣಿಗೆ ತಾಗಿ ನಿಂತಿತು.

ಹದಿನೈದು.

"ಡಾವ್ಯಾ ಹಾತಾತ ಅಸತೀ ತರ..." ಎಂದು ನಿಖಿಲ್ ಶುರುಮಾಡಿ, ತಲೆಯ ಮೇಲಿದ್ದ ಹೆಲ್ಮೆಟ್ ತೆಗೆದಿಟ್ಟ. ಎಡಗೈಯಲ್ಲಿದ್ದಿದ್ದರೆ ಹದಿಮೂರು.

"ಬಿತ್ತೇನವಾ ಏಟು?" ಮಾವ ಕೇಳಿದರು.

"ಬಿತ್ತು ಮಾವ. ರಾಕ್ಷಸ ಹೋದ. ಸೇತುವೆ ನಿಂತಿದೆ. ಎಲ್ಲರೂ ದಾಟಿದ್ರು, ಗಂಗವ್ವನೂ." ಸ್ವಾತಿ ಮೇಜಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ನಾನು ಆಟ ನಡೆಸುವವಳು ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದೆ. "ಈಗ ಗಂಗವ್ವ ಏನು ಮಾಡ್ತಾಳೆ ಮಾವ?"

ಮಾವ ನಿಮ್ಮ ಹಾಳೆಯನ್ನು ಹತ್ತಿರ ಎಳೆದುಕೊಂಡು ಕೊನೆಯ ಸಾಲುಗಳ ಮೇಲೆ ಬೆರಳಿಟ್ಟು ಓದಿದರು.

"ಕತ್ತಿ ಮತ್ತ ಎಡಗೈಗೆ ತಗೋತಾಳ. ಈ ಒಮ್ಮೆ ಮಾತ್ರ ಅಂತ ಬರದಾಳಲ್ಲ."

ಈಗ ಭಾನುವಾರ ಬಂದರೆ ಮಾವ ಮೂರು ಗಂಟೆಗೇ ಕನ್ನಡಕ ಹಾಕಿಕೊಂಡು ಮೇಜಿಗೆ ಬರುತ್ತಾರೆ. ನೀವು ಒಂದಿನಿತೂ ಯೋಚಿಸಬೇಡಿ ಅತ್ತೆ. ಅವರು ಎಷ್ಟೇ ಗೊಣಗಲಿ, ಗಂಗವ್ವ ಕತ್ತಿ ಬೀಸಿದಾಗಲೆಲ್ಲ ಎರಡು ಕಳೆದೇ ಕಳೆಯುತ್ತೇನೆ. ಮಾತು ಕೊಟ್ಟಿದ್ದೇನೆ.

ನಿಮ್ಮ ಸೊಸೆ,
ವಿದ್ಯಾ