ಸೆರಗಿನಲ್ಲಿ ಸಿಕ್ಕ ಅಜ್ಜನಬೀಜ

ಕರಿಬಂಡೆ ಗುಡ್ಡದ ಬಾಗಿಲು,
ಕ್ರಿ.ಶ. ೨೪೧೭, ಯುಗಾದಿಯ ಮರುದಿನ

ಇನ್ನೂ ಹುಟ್ಟದವಳೊಬ್ಬಳು ಹಿಂದಿನವರಿಗೆ ಬರೆಯುತ್ತಿರುವ ಕಾಗದವಿದು. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಅದೊಂದಕ್ಕೇ ನಾನು ಕ್ಷಮೆ ಕೇಳುವುದು. ಉಳಿದದ್ದಕ್ಕೆಲ್ಲ ಕೇಳಬೇಕಾದವರು ನೀವು.

ನನ್ನ ಹೆಸರು ಹಾಲವ್ವ. ಈ ಗುಡ್ಡದ ಬುಡದಲ್ಲಿ ನಾನು ಜಾಡಿಸುವವಳು. ಹೂ ನೋಡಲು ಹತ್ತುವವರ ಬಟ್ಟೆ, ಜಡೆ, ಉಗುರಿನ ಸಂದಿ ಎಲ್ಲವನ್ನೂ ಜಾಡಿಸಿ ಅಜ್ಜನಬೀಜ ಹುಡುಕುವುದು ನನ್ನ ಕೆಲಸ. ನೀವು ಚೆಂದಕ್ಕೆಂದು ಬೇಲಿಗೆ ನೆಟ್ಟು ಬಿಟ್ಟುಹೋದ ಕಳೆಗೆ ನಾವಿಟ್ಟ ಹೆಸರದು. ಒಂದು ಬೀಜ ಮೇಲೆ ಬಿದ್ದರೆ ಗುಡ್ಡವೇ ಹೋಯಿತು. ಸುತ್ತಲಿನ ಗುಡ್ಡಗಳೆಲ್ಲ ಹಾಗೆಯೇ ಹೋದವು. ವಸಂತದಲ್ಲಿ ಅರಿಶಿನ ಬೂರುಗ, ಮುತ್ತುಗ, ನೆಲಕ್ಕಂಟಿದ ಪುಟ್ಟ ನೀಲಿ ಹೂಗಳು ಅರಳುವುದು ಈಗ ಇದೊಂದರಲ್ಲೇ. ಆದ್ದರಿಂದ ಒಬ್ಬರಿಗೆ ಜನ್ಮಕ್ಕೊಂದೇ ಸರದಿ. ಕೀಳುವಂತಿಲ್ಲ, ಮೂಗು ತಾಗಿಸಿ ಮೂಸಬಹುದಷ್ಟೆ. ನೀವೋ, ಭಾನುವಾರ ಬಂತೆಂದರೆ ಹತ್ತಿ, ಹೂವಿನ ಮೇಲೆಯೇ ಕೂತು ಫೋಟೊ ತೆಗೆಸಿಕೊಂಡು, ಚಿಪ್ಸ್ ತಿಂದು ಇಳಿದವರು. ಪುಣ್ಯವಂತರಪ್ಪಾ!

ಈ ಸಲ ನನ್ನ ತಂಗಿ ಕಸ್ತೂರೆವ್ವನ ಸರದಿ. ಧೂಳು ಕುಡಿದು ಅವಳ ಎದೆ ಕೆಟ್ಟಿತ್ತು. ಮುಂದಿನ ವಸಂತಕ್ಕೆ ಅವಳಿರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ನಮ್ಮಲ್ಲೊಂದು ರೂಢಿಯಿದೆ. ಹತ್ತುವವರು ಮನೆ ಬಿಡುವಾಗ ಉಳಿದವರೆಲ್ಲ ಬಂದು ಅವರ ಸೆರಗು ಮುಟ್ಟುತ್ತಾರೆ, ತಮ್ಮ ಕಣ್ಣೂ ಜೊತೆಗೆ ಹೋಗಲಿ ಎಂದು. ಕಸ್ತೂರೆವ್ವನೆಂದರೆ ಓಣಿಗೆ ಜೀವ. ಓಣಿಗೆ ಓಣಿಯೇ ಬಂದು ಮುಟ್ಟಿತು. ಹೊಲದಿಂದ ಓಡಿಬಂದವರು ಕೈಯನ್ನೂ ತೊಳೆಯಲಿಲ್ಲ.

ಬಾಗಿಲಲ್ಲಿ ನಾನು ಜಾಡಿಸುವಾಗ ಅವಳ ಸೆರಗಿನ ಅಂಚಿನಲ್ಲಿ ಬೀಜ ಸಿಕ್ಕಿತು. ಎಳ್ಳಿಗಿಂತ ಸಣ್ಣದು.

“ಅಕ್ಕಾ, ನೀ ನೋಡೇ ಇಲ್ಲ ಅಂತ ತಿಳಕೋ. ಇಷ್ಟೇ ಇಷ್ಟು ಐತಿ.”

“ನೋಡೀನಿ,” ಎಂದೆ. “ಹೊಳ್ಳಿ ನಡಿ.”

ಅದನ್ನು ಕಿತ್ತೆಸೆದು ಅವಳನ್ನು ಬಿಡಬಾರದಿತ್ತೇ ಎನ್ನುತ್ತೀರಿ. ಕಣ್ಣಿಗೆ ಒಂದು ಸಿಕ್ಕರೆ, ಸಿಗದ ಇನ್ನೊಂದು ಇದ್ದೇ ಇರುತ್ತದೆ. ಬೀಜ ಸಿಕ್ಕವರ ಸರದಿ ಅಲ್ಲಿಗೆ ಮುಗಿಯಿತು.

ಅವಳು ಮನೆಗೆ ಹೋಗಲಿಲ್ಲ. ಸಂಜೆಯವರೆಗೂ ಬಾಗಿಲ ಕಲ್ಲಿನ ಮೇಲೆ ಕೂತು, ಇಳಿದು ಬಂದವರನ್ನೆಲ್ಲ ಮೇಲೆ ಏನೇನಿದೆ ಎಂದು ಕೇಳಿದಳು. ಅಯ್ಯೋ ಪಾಪ ಎಂದು ಅವರೆಲ್ಲ ಒಂದೇ ಸುಳ್ಳು ಹೇಳಿದರು: “ಏನೂ ಇಲ್ಲ ಬಿಡವ್ವಾ, ಬರೇ ಕಲ್ಲು.” ಅವರ ಮೂಗಿನ ತುದಿಗೆಲ್ಲ ಹಳದಿ ಪರಾಗ ಮೆತ್ತಿತ್ತು. ಅವಳು ಒಬ್ಬೊಬ್ಬರ ಮೂಗನ್ನೂ ನೋಡಿ, “ಹೌದೇನ?” ಎನ್ನುತ್ತಿದ್ದಳು.

ಯುಗಾದಿಗೆ ಮೊದಲೇ ಹೋದಳು. ಮಣ್ಣು ಮಾಡುವ ದಿನ ಓಣಿಯವರು ಮತ್ತೆ ಸೆರಗು ಮುಟ್ಟಲು ಬಂದರು. ನಾನು ಮುಟ್ಟಗೊಡಲಿಲ್ಲ.

ನನಗೆ ಪಶ್ಚಾತ್ತಾಪವಿಲ್ಲ. ಸಿಟ್ಟಿದೆ, ನಿಮ್ಮ ಮೇಲೆ. ನಿಮ್ಮ ಬೇಲಿಯಲ್ಲಿ ಹೂ ಬಿಟ್ಟು ನಿಂತಿರುವ ಆ ಗಿಡವನ್ನು ಇವತ್ತೇ ಬೇರುಸಹಿತ ಕೀಳಿ. ಕೀಳುವುದಿಲ್ಲ, ನನಗೆ ಗೊತ್ತು. ಹಾಗಾದರೆ ಹತ್ತಿ, ಹೂಗಳನ್ನು ಕಣ್ತುಂಬ ನೋಡಿ. ಇಳಿಯುವಾಗ ಮಾತ್ರ ಮೂಗು ಒರೆಸಿಕೊಳ್ಳಿ. ಕೆಳಗೆ ನನ್ನ ತಂಗಿ ಕೂತಿದ್ದಾಳೆ.