ಉಳಿದವರ ಕೈಯಲ್ಲಿ ಏನಿತ್ತು

ಮಾರ್ಚ್ ೧೪, ಶುಕ್ರವಾರ

ನನ್ನ ಅಕ್ಕನಿಗೆ,

ನೀನೂ ಮಗಳೂ ಆರಾಮವಾಗಿದ್ದೀರಿ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ನಿನ್ನ ಮೂರು ಕಾಗದಗಳಿಗೂ ಉತ್ತರಿಸದ ತಮ್ಮನ ಕಿವಿ ಹಿಂಡು. ಕಾರ್ಖಾನೆಯ ಗೇಟು ಕಾಯುತ್ತಿದ್ದ ಭಾವನನ್ನು ಕಳ್ಳರು ಕೊಂದು ವರ್ಷ ತುಂಬಿತು. ಪಾದ್ರಿಯೆಂದು ಊರವರಿಗೆಲ್ಲ ಸಮಾಧಾನ ಹೇಳುವ ನನಗೆ ನಿನಗೆ ಬರೆಯಲು ಮಾತ್ರ ಕೈ ಏಳಲಿಲ್ಲ.

ಈ ಬುಧವಾರ ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಚರ್ಚಿನ ಪಕ್ಕದ ಕೋಣೆಯಲ್ಲಿ ಮಧ್ಯಾಹ್ನದ ಬೈಬಲ್ ಪಾಠವಿತ್ತು. ಒಂಬತ್ತು ಜನ ಬಂದಿದ್ದರು. ಲೂಕನ ಸುವಾರ್ತೆಯಲ್ಲಿ ಯೇಸುಸ್ವಾಮಿ, ಕತ್ತಿ ಇಲ್ಲದವನು ಮೇಲಂಗಿ ಮಾರಿಯಾದರೂ ಕೊಳ್ಳಲಿ ಎನ್ನುತ್ತಾರಲ್ಲ, ಶಿಷ್ಯರು ಎರಡಿವೆ ಎಂದು ತೋರಿಸಿದಾಗ ಸಾಕು ಎನ್ನುತ್ತಾರಲ್ಲ, ಆ ಭಾಗ. "ಎರಡು ಕತ್ತಿ ಸಾಲುತ್ತೆ ಅಂತಲ್ಲ, ಈ ಮಾತು ಇಲ್ಲಿಗೆ ಸಾಕು ಅಂತ ಅರ್ಥ," ಎಂದು ಎಂದಿನಂತೆ ವಿವರಿಸಿದೆ.

ಹಿಂದಿನಿಂದ ಒಂದು ದನಿ ಬಂತು: "ಹಾಗಾದ್ರೆ ಕತ್ತಿ ಇದ್ದ ಇಬ್ರನ್ನ ಬಿಟ್ಟು ಉಳಿದವ್ರ ಕೈಯಲ್ಲಿ ಏನಿತ್ತು, ಪಾದ್ರಿ ಸಾಹೇಬ್ರೇ?"

ಹಾಗೆ ಕರೆದು ನನ್ನನ್ನು ರೇಗಿಸುತ್ತಿದ್ದವರು ಭಾವ ಒಬ್ಬರೇ.

ಹಿಂದಿನ ಬೆಂಚು ಖಾಲಿಯಿತ್ತು. ನನ್ನದೇ ಭ್ರಮೆ ಎಂದುಕೊಳ್ಳುವಷ್ಟರಲ್ಲಿ ಒಂಬತ್ತೂ ಜನ ತಿರುಗಿ ನೋಡಿದರು. "ಯಾರ್ರೀ ಕೇಳಿದ್ದು?" ಎಂದರು ಆರ್ಗನ್ ನುಡಿಸುವ ಟೀಚರ್. "ನಾನಂತೂ ಬಾಯಿ ಬಿಟ್ಟಿಲ್ಲ," ಎಂದ ದರ್ಜಿಯ ಮುಖ ಬಿಳಿಚಿಕೊಂಡಿತ್ತು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಪ್ರಶ್ನೆ ಯಾರದೇ ಆಗಲಿ, ಉತ್ತರ ಅವರಿಗೂ ಬೇಕಿತ್ತು.

"ಗೊತ್ತಿಲ್ಲ," ಎಂದೆ. ಇಪ್ಪತ್ತು ವರ್ಷಗಳಲ್ಲಿ ಆ ಕೋಣೆಯಲ್ಲಿ ನಾನು ಆ ಮಾತು ಆಡಿದ್ದು ಅದೇ ಮೊದಲು. ಯಾರೋ ಎದ್ದಂತೆ ಹಿಂದಿನ ಬೆಂಚು ಕಿರುಗುಟ್ಟಿತು. ಎದ್ದವರು ಹೊರಗೆ ಹೋದ ಸದ್ದು ಮಾತ್ರ ಬರಲಿಲ್ಲ.

ನಿನ್ನೆಯಿಂದ ಆ ಕೋಣೆಗೆ ಬೀಗ ಹಾಕಿದ್ದೇನೆ. ಪಕ್ಕದಲ್ಲಿ ಹಾದುಹೋಗುವಾಗ ಯಾಕೋ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ.

ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ತಮ್ಮ,
ಗುಬ್ಬಿ

ಇನ್ನೊಂದು ಮಾತು, ಅಕ್ಕಾ. ಸಾಯುವ ಹಿಂದಿನ ದಿನ ಭಾವ ನನ್ನ ಹತ್ತಿರ ಬಂದಿದ್ದರು. "ಆ ಕಳ್ರು ಬೆದರಿಸ್ತಿದ್ದಾರೆ ಕಣಯ್ಯಾ, ಜೊತೆಗೊಂದು ಚಾಕು ಇಟ್ಕೊಳ್ಳಲಾ?" ಎಂದು ಕೇಳಿದರು. ಇದೇ ವಚನ ತೆಗೆದು, ಇದೇ ಅರ್ಥ ಹೇಳಿ, ಬೇಡ ಎಂದೆ. ನಕ್ಕು, ತಂದಿದ್ದನ್ನು ನನ್ನ ಮೇಜಿನ ಮೇಲಿಟ್ಟು, ಬರಿಗೈಯಲ್ಲಿ ಹೋದರು. ನಿನ್ನ ಅಡುಗೆಮನೆಯಿಂದ ಕಾಣೆಯಾದ ಮರದ ಹಿಡಿಯ ಚಾಕು ನನ್ನ ಹತ್ತಿರವಿದೆ.