ಆಯುಧ ಪೂಜೆಯ ದಿನ ಪೀಣ್ಯದ ಜನರನ್ನು ಎಣಿಸಿದವರಿಗೆ

ಮಹಾನಗರ ಪ್ರದೇಶದ ಸಾರಿಗೆ ಯೋಜನೆಗಳ ಮೇಲೆ ಕಣ್ಣಿಡಲೆಂದೇ ಸರ್ಕಾರ ಕೂರಿಸಿರುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ಪೀಣ್ಯದ ನಮ್ಮ ಬೀದಿಯಿಂದ ಮಾಚೋಹಳ್ಳಿ ಕಡೆಗೆ ಸಂಜೆ ಪಾಳಿ ಬಿಡುವ ಹೊತ್ತಿಗೆ ಹೋಗುತ್ತಿದ್ದ ಬಸ್ಸು ನಿಮ್ಮ ಒಪ್ಪಿಗೆಯಿಂದ ನಿಂತುಹೋಗಿದೆ. ಅದಕ್ಕೆ ಹತ್ತುವವರೇ ಇಲ್ಲ ಎಂದು ಯೋಜಕರು ಬರೆದುಕೊಟ್ಟರು, ನೀವು ಸಹಿ ಹಾಕಿದಿರಿ. ಹತ್ತುವವರು ಯಾಕಿರಲಿಲ್ಲ ಎಂದು ಕೇಳುವ ಕಷ್ಟವನ್ನು ನೀವು ತೆಗೆದುಕೊಳ್ಳಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ನಿಮ್ಮವರು ಜನರನ್ನು ಎಣಿಸಲು ಬಂದದ್ದು ಆಯುಧ ಪೂಜೆಯ ದಿನ ಮತ್ತು ಅದರ ಮಾರನೆಯ ದಿನ.

ನಾನು ಇಲ್ಲಿ ಸ್ವಿಚ್ಚುಗಳಿಗೆ ತಗಡಿನ ಬಿಡಿಭಾಗ ಒತ್ತುವ ಸಣ್ಣ ಪ್ರೆಸ್ ಶಾಪ್ ನಡೆಸುವವಳು. ಪೀಣ್ಯದಲ್ಲಿ ಆಯುಧ ಪೂಜೆ ಹೇಗೆ ನಡೆಯುತ್ತದೆ ಎಂಬುದು ಈ ರಾಜ್ಯದಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ಬೆಳಿಗ್ಗೆ ಯಂತ್ರಗಳನ್ನು ಒರೆಸಿ, ಅರಿಶಿನ ಕುಂಕುಮ ಇಟ್ಟು, ಬಾಗಿಲಿಗೆ ಬಾಳೆಕಂದು ಕಟ್ಟುತ್ತೇವೆ. ಬೂದುಗುಂಬಳ ಒಡೆದು, ಕಡ್ಲೆಪುರಿ ಪೊಟ್ಟಣ, ಸಿಹಿ ಡಬ್ಬಿ ಕೈಗಿಟ್ಟರೆ ಮಧ್ಯಾಹ್ನಕ್ಕೆಲ್ಲ ಜನ ಮನೆ ಸೇರುತ್ತಾರೆ. ಸಂಜೆಗೆ ಬೀದಿನಾಯಿಗಳು ಬಿಟ್ಟರೆ ಯಾರೂ ಇರುವುದಿಲ್ಲ. ಮಾರನೆಯ ದಿನ ವಿಜಯದಶಮಿ, ಅವತ್ತಂತೂ ಕೇಳುವುದೇ ಬೇಡ. ಈ ಎರಡು ದಿನಗಳನ್ನು ಆರಿಸಿಕೊಂಡು ಇಡೀ ಕೈಗಾರಿಕಾ ಪ್ರದೇಶದ ಪ್ರಯಾಣಿಕರನ್ನು ಅಳೆದವರ ಬುದ್ಧಿಗೆ ನಾವು ಅವತ್ತೇ ಒಂದು ಆರತಿ ಎತ್ತಬೇಕಿತ್ತು.

ಎಣಿಸಲು ಬಂದ ಯುವಕ ನನ್ನ ಗೇಟಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನಿಗೂ ಒಂದು ಪೊಟ್ಟಣ ಪುರಿ ಕೊಟ್ಟು, "ಇವತ್ತು ಹಬ್ಬ ಅಲ್ವೇನ್ರೀ, ಯಾರನ್ನ ಎಣಿಸ್ತೀರಿ?" ಎಂದು ಕೇಳಿದೆ.

"ಡೇಟ್ ಮೇಲಿಂದ ಫಿಕ್ಸ್ ಆಗಿದೆ ಮೇಡಂ," ಅಂದ. "ರೋಡ್ ಖಾಲಿ ಇದೆ, ಒಳ್ಳೇದೇ ಆಯ್ತು. ಬೇಗ ಮುಗಿಸ್ಬಿಡ್ತೀವಿ."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಿದ ಕಡೆ ಕೂತ, ಕಂಡದ್ದನ್ನು ಬರೆದ. ಯೋಜಕರು ತಪ್ಪು ಮಾಡಬಹುದು ಅಂತಲೇ ಅವರ ತಲೆಯ ಮೇಲೆ ನಿಮ್ಮ ಸಮಿತಿ ಇರುವುದು. ಕ್ಯಾಲೆಂಡರ್ ನೋಡಲು ಎಂಜಿನಿಯರಿಂಗ್ ಪದವಿ ಬೇಕೆ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನೀವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕರುವಿಗೆ ಹೆಸರಿಟ್ಟು, "ವೈಜ್ಞಾನಿಕ ಮಾರ್ಗ ಮರುಹೊಂದಾಣಿಕೆ" ಎಂದು ಕರೆದಿದ್ದೀರಿ.

ನಿಮ್ಮ ಅಹವಾಲು ಸಭೆಗೂ ಬಂದಿದ್ದೆ. ವೈಟ್‌ಫೀಲ್ಡಿಗೆ ಬಣ್ಣದ ಗೆರೆ, ಎಲೆಕ್ಟ್ರಾನಿಕ್ ಸಿಟಿಗೆ ಬಣ್ಣದ ಗೆರೆ, ಗಾಜಿನ ನಿಲ್ದಾಣದಲ್ಲಿ ನಗುತ್ತಾ ನಿಂತ ಬೊಂಬೆ ಜನ, ಎಲ್ಲವನ್ನೂ ದೊಡ್ಡ ಪರದೆಯ ಮೇಲೆ ತೋರಿಸಿದಿರಿ. ಕಣ್ತುಂಬ ನೋಡಿದೆವು. ನನ್ನ ಸರದಿ ಬಂದಾಗ ಹಬ್ಬದ ವಿಷಯ ಎತ್ತಿದೆ. "ಹಬ್ಬ ಹರಿದಿನಗಳ ಪರಿಣಾಮವನ್ನು ಸರಾಸರಿಯಲ್ಲಿ ಸರಿಹೊಂದಿಸಲಾಗಿದೆ" ಎಂದಿರಿ. ಖಾಲಿ ಬೀದಿಯನ್ನು ಯಾವುದರ ಜೊತೆ ಕೂಡಿಸಿ, ಯಾವುದರಿಂದ ಭಾಗಿಸಿದಿರಿ ಸ್ವಾಮಿ? ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ, "ಅಷ್ಟು ತೊಂದರೆಯಿದ್ದರೆ ನೀವೇ ಒಂದು ವ್ಯಾನ್ ಇಡಬಹುದಲ್ಲಮ್ಮ" ಅಂದಿರಿ. ಅಕ್ಕಪಕ್ಕದವರು ನಕ್ಕರು. ತಗಡು ಒತ್ತುವವಳು ವ್ಯಾನನ್ನೂ ಓಡಿಸಬೇಕು ಅಂತಾದರೆ ಸಾರಿಗೆ ಯೋಜನೆ ಎಂಬುದು ಯಾತಕ್ಕೆ, ಅದನ್ನು ನೋಡಿಕೊಳ್ಳಲು ತಾವು ಯಾತಕ್ಕೆ?

ಈಗ ನನ್ನ ಶಾಪಿನಲ್ಲಿ ಪ್ರೆಸ್ ನಡೆಸುತ್ತಿದ್ದ ಯಮುನಾಳ ವಿಷಯಕ್ಕೆ ಬರುತ್ತೇನೆ. ನಾನು ಈ ಪತ್ರ ಬರೆಯುತ್ತಿರುವುದೇ ಅವಳಿಗಾಗಿ. ಮಾಚೋಹಳ್ಳಿ ಕಡೆಯ ಹಳೇ ಒಕ್ಕಲು ಮನೆತನದ ಸೊಸೆ ಅವಳು. ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ, ಊಟಕ್ಕೆ ಕೊರತೆಯಿಲ್ಲ. ಆದರೂ ಹಟ ಹಿಡಿದು ಕೆಲಸಕ್ಕೆ ಬಂದಳು. ಆ ಮನೆಯಿಂದ ಹೊರಗೆ ದುಡಿಯಲು ಬಂದ ಮೊದಲ ಹೆಂಗಸು. ಮೊದಮೊದಲು ಪ್ರೆಸ್ಸಿನ ಸದ್ದಿಗೇ ಬೆಚ್ಚುತ್ತಿದ್ದವಳು ಈಗ ಹೊಸಬರಿಗೆ ಕಲಿಸುವಷ್ಟಾಗಿದ್ದಳು. ಅವಳ ಅತ್ತೆ ವಸಂತಮ್ಮ ಹಾಕಿದ್ದು ಒಂದೇ ಷರತ್ತು: ಬಸ್ಸಲ್ಲೇ ಹೋಗಬೇಕು, ಬಸ್ಸಲ್ಲೇ ಊರಬಾಗಿಲಿಗೆ ಬಂದಿಳಿಯಬೇಕು.

ಬಸ್ಸು ನಿಂತ ಮೇಲೆ ಯಮುನಾ ಕೆಲವು ದಿನ ಆಟೋ ಹಿಡಿದಳು, ಕೆಲವು ದಿನ ಲಾರಿಗಳ ಸಂದಿಯಲ್ಲಿ ನಡೆದಳು. ಒಂದು ಸಂಜೆ ಬೈಕಿನವನೊಬ್ಬ ಡ್ರಾಪ್ ಕೊಡ್ತೀನಿ ಅಂತ ಕಾಡುತ್ತಾ ಉದ್ದಕ್ಕೂ ಹಿಂದೆಯೇ ಬಂದನಂತೆ. ಮರುದಿನ ಅವಳು ಬರಲಿಲ್ಲ. ನಾನು ಮನೆಗೆ ಹೋದೆ. ವಸಂತಮ್ಮ ಕಾಫಿ ಕೊಟ್ಟೇ ಮಾತಾಡಿದರು.

"ಬಸ್ ಐತೆ ಅಂತ ಕಳಿಸ್ತಿದ್ದೆ ಕಣಮ್ಮ," ಅಂದರು. "ಈಗ ಯಾರ ಗಾಡಿ ಅತ್ತಿ ಬತ್ತಾಳೋ, ಎಂಗೆ ಬತ್ತಾಳೋ ಅಂತ ದಿನಾ ಬಾಗಿಲಲ್ಲಿ ಕುಂತ್ಕಳಕ್ಕಾಯ್ತದಾ? ನಂಗೇನು ಅವಳ ಮ್ಯಾಲೆ ಅನುಮಾನನಾ? ರೋಡ್ ಮ್ಯಾಲೆ ಅನುಮಾನ."

ಯಮುನಾ ಅಡುಗೆಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತಿದ್ದಳು. ಅತ್ತೆಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನನ್ನ ಮಗಳಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅವತ್ತು ನನಗೆ ಅಸಹ್ಯವಾದದ್ದು ನಿಮ್ಮ ಬಗ್ಗೆ ಮಾತ್ರ. ಒಬ್ಬ ಹೆಂಗಸು ವರ್ಷಗಟ್ಟಲೆ ಮನೆಯವರ ಜೊತೆ ಗುದ್ದಾಡಿ ಗಳಿಸಿಕೊಂಡ ದಾರಿಯನ್ನು ನೀವು ಹವಾನಿಯಂತ್ರಿತ ಕೋಣೆಯಲ್ಲಿ ಗೋಡಂಬಿ ತಿನ್ನುತ್ತಾ ಅಳಿಸಿಹಾಕಿದಿರಿ. ಅಳಿಸಿದ್ದು ನಿಮಗೆ ಗೊತ್ತೂ ಆಗಲಿಲ್ಲ.

ಯಮುನಾಳ ಪ್ರೆಸ್ಸನ್ನು ಇಷ್ಟು ದಿನ ಖಾಲಿ ಇಟ್ಟಿದ್ದೆ. ಇನ್ನು ಆಗುವುದಿಲ್ಲ. ಬರುವ ತಿಂಗಳ ಮೊದಲ ವಾರ ಆ ಜಾಗಕ್ಕೆ ಬೇರೆಯವಳು ಬರುತ್ತಾಳೆ. ಆಮೇಲೆ ನಿಮ್ಮ ಬಸ್ಸು ಬಂದರೂ ಯಮುನಾಳಿಗೆ ಅದರಿಂದ ಪ್ರಯೋಜನವಿಲ್ಲ. ನಿನ್ನೆ ಫೋನಿನಲ್ಲಿ ಅವಳಿಗೆ ಇದನ್ನು ಹೇಳಿದೆ.

"ಸರಿ ಅಕ್ಕ," ಅಂದಳು. "ಹೊಸಬರಿಗೆ ಆ ಪೆಡಲ್ ಅಂದಾಜು ಬೇಗ ಸಿಗಲ್ಲ. ಮೊದಮೊದಲು ಯಾರಾದ್ರೂ ಪಕ್ಕದಲ್ಲೇ ನಿಂತಿರಲಿ. ಬೆರಳು ಜೋಪಾನ ಅಂತ ಹೇಳಿ."

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಈ ತಿಂಗಳು ಮುಗಿಯುವುದರೊಳಗೆ ಆ ಬಸ್ಸನ್ನು ಮತ್ತೆ ಬಿಡಿ. ಕೆಲಸದ ದಿನ ಸಂಜೆ, ಗೇಟುಗಳು ತೆರೆಯುವ ಹೊತ್ತಿಗೆ, ತಾವೇ ಖುದ್ದಾಗಿ ಕಾರು ಬಿಟ್ಟು ಬಂದು ಎಣಿಕೆ ಮಾಡಿ. ಅದಾಗದಿದ್ದರೆ ವಸಂತಮ್ಮನವರ ಮನೆಗೆ ಹೋಗಿ, ನಿಮ್ಮ ಸೊಸೆ ಮನೆಯಲ್ಲೇ ಇರಲಿ ಎಂದು ನಾವು ತೀರ್ಮಾನಿಸಿದ್ದೇವೆ ಅಂತ ಎದುರಿಗೆ ನಿಂತು ಹೇಳಿ. ಅದೂ ಆಗದಿದ್ದರೆ ಕುರ್ಚಿ ಬಿಡಿ. ಕೆಲಸ ಕಳೆದುಕೊಂಡವಳು ತಾನು ಮುಖವನ್ನೇ ನೋಡದ ಇನ್ನೊಬ್ಬಳ ಬೆರಳಿನ ಬಗ್ಗೆ ಯೋಚಿಸುತ್ತಿದ್ದಾಳೆ. ಮುಖ ನೋಡದ ಜನರ ಬಗ್ಗೆ ಯೋಚಿಸುವುದಕ್ಕೆಂದೇ ನಿಮ್ಮನ್ನು ಅಲ್ಲಿ ಕೂರಿಸಿದ್ದು.

ಇಂತಿ,
ಒಳ್ಳೆಯ ಕೆಲಸಗಾರ್ತಿಯನ್ನು ಉಳಿಸಿಕೊಳ್ಳಲಾಗದೆ ಕಾಗದ ಬರೆಯುತ್ತಾ ಕೂತಿರುವ
ಮೇಘಾ
ಪೀಣ್ಯ ಎರಡನೇ ಹಂತ